ಬಾವಿಯ ಜೀವ ಬಾವಿಗೆ

ಕಾವಲುಗಾರರಿರುವ ಊರಿಗೆ ಕಳ್ಳ ನುಗ್ಗಿದರೆ ಗದ್ದಲವಾಗುತ್ತದೆ. ನಾಯಿ ಬೊಗಳುತ್ತದೆ, ಮನೆಮನೆಯಲ್ಲಿ ದೀಪ ಹತ್ತುತ್ತದೆ, ಜನ ಬಡಿಗೆ ಹಿಡಿದು ಓಡಿಬರುತ್ತಾರೆ. ಮನುಷ್ಯನ ಮೈಯೂ ಹಾಗೆಯೇ. ರೋಗಾಣು ಒಳಹೊಕ್ಕರೆ ಜ್ವರ ಬರುತ್ತದೆ, ಗಾಯ ಕೆಂಪೇರುತ್ತದೆ, ಕೀವು ಕಟ್ಟುತ್ತದೆ. ಮೈ ರೋಗಾಣುವಿನೊಡನೆ ನಡೆಸುವ ಹೊಡೆದಾಟದ ಸದ್ದು ಅದು. ಆದರೆ ಕಾವಲುಗಾರರೇ ಇಲ್ಲದ ಊರಿಗೆ ಕಳ್ಳ ಬಂದರೆ ಕೂಗುವವರು ಯಾರು? ಕ್ಯಾನ್ಸರಿನ ಔಷಧಕ್ಕೆ ಮಜ್ಜೆ ಬರಿದಾದವರು, ಇನ್ನೊಬ್ಬರ ಮೂತ್ರಪಿಂಡ ಪಡೆದು ಅದನ್ನು ಉಳಿಸಿಕೊಳ್ಳಲು ದಿನವೂ ಮಾತ್ರೆ ನುಂಗುವವರು, ಇಂಥವರ ಮೈಯೊಳಗೆ ಕಳ್ಳ ಸದ್ದಿಲ್ಲದೆ ಬರುತ್ತಾನೆ, ಸದ್ದಿಲ್ಲದೆ ಎಲ್ಲವನ್ನೂ ದೋಚುತ್ತಾನೆ. ಜ್ವರವಿಲ್ಲ, ಕೀವಿಲ್ಲ. ಮನೆಯವರು 'ಇವತ್ತು ಸ್ವಲ್ಪ ಆರಾಮ ಕಾಣ್ತಾನ' ಎನ್ನುತ್ತಿರುವಾಗಲೇ ಜೀವ ಹೋಗಿರುತ್ತದೆ.

ಅಂಥವರಿಗಾಗಿ ರೋಗಾಣುಶಾಸ್ತ್ರಜ್ಞೆ ಮರುದೇವಿಬಾಯಿ ಅಕ್ಕೋಳೆ ಒಂದು ಯಂತ್ರ ಮಾಡಿದ್ದರು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಯಾರೂ ಬಳಸುತ್ತಿರಲಿಲ್ಲ. ಧಾರವಾಡದ ಆಸ್ಪತ್ರೆಯಲ್ಲಿ ಮೊದಲು ಅದನ್ನಿಟ್ಟಾಗ ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರರ ತನಕ ಎಲ್ಲರೂ 'ಕಿವಿ' ಎಂದು ಕರೆದರು. ಆ ಹೆಸರೇ ನಿಂತಿತು.

ಕಿವಿ ಕೆಲಸ ಮಾಡುವ ರೀತಿ ಇದು. ರೋಗಿಯ ರಕ್ತವನ್ನು ತೆಳ್ಳನೆಯ ತೊಳೆನೀರಿನಲ್ಲಿ ಹಾಕುತ್ತಾರೆ. ಆ ನೀರನ್ನು ಕುಡಿದು ಕೆಂಪು ಕಣಗಳು ಉಬ್ಬಿ ಒಡೆದುಹೋಗುತ್ತವೆ. ರೋಗಾಣುಗಳಿಗೆ ಗಟ್ಟಿಯಾದ ಹೊರಕವಚವಿರುವುದರಿಂದ ಅವು ಒಡೆಯುವುದಿಲ್ಲ. ಅವನ್ನು ಬಲು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ಮತ್ತೆ ಅದೇ ನೀರಿನಿಂದ ತೊಳೆದು, ಬಾರಿಸುವ ಹಲಗೆಯ ಚರ್ಮದಂತೆ ಬಿಗಿದ ಒಂದು ಪೊರೆಯ ಮೇಲೆ ಇಳಿಸುತ್ತಾರೆ. ಬದುಕಿರುವ ಯಾವ ಜೀವವೂ ಸುಮ್ಮನೆ ಕೂತಿರುವುದಿಲ್ಲ, ಮಿಸುಕುತ್ತಲೇ ಇರುತ್ತದೆ. ಒಂದೇ ಒಂದು ರೋಗಾಣು ಮಿಸುಕಿದರೂ ಆ ಪೊರೆ ನಡುಗುತ್ತದೆ. ಒಂದೊಂದು ಜಾತಿಗೆ ಒಂದೊಂದು ನಡುಕ. ಯಂತ್ರ ಅದನ್ನು ಸದ್ದಾಗಿ ಮಾಡಿ, ಗುರುತು ಹಿಡಿದು, ಪರದೆಯ ಮೇಲೆ ಹೆಸರು ಬರೆಯುತ್ತದೆ. ಏನೂ ಇಲ್ಲದಿದ್ದರೆ 'ಮೌನ' ಎಂದು ಬರೆಯುತ್ತದೆ.

ಕಾಲ ಕಳೆದಂತೆ ಆ ಮಾತು ಜನರ ಬಾಯಿಗೆ ಬಿತ್ತು. ವಾರ್ಡಿನ ಹೊರಗೆ ಕೂತ ಮಂದಿ 'ಕಿವಿ ಏನಂತು?' ಎಂದು ಕೇಳುವರು. 'ಮೌನ ಬಂತು' ಎಂದರೆ ಸಕ್ಕರೆ ಹಂಚುವರು. ಡಾಕ್ಟರರೂ ಬದಲಾದರು. ಮೊದಲೆಲ್ಲ ರೋಗಿಯ ಹಣೆ ಮುಟ್ಟಿ, ಹೊಟ್ಟೆ ಒತ್ತಿ, ನಾಲಿಗೆ ನೋಡಿ ಅನುಮಾನ ಪಡುತ್ತಿದ್ದವರು ಈಗ ಪರದೆ ನೋಡಿ ಮುಂದೆ ಹೋಗುತ್ತಿದ್ದರು. ಅನುಮಾನ ಪಡುವ ಕಷ್ಟವನ್ನು ಕಿವಿ ಎಲ್ಲರ ಹೆಗಲಿನಿಂದ ಇಳಿಸಿತ್ತು.

ಮರುದೇವಿಬಾಯಿ ಜೈನ ಶ್ರಾವಕರ ಮನೆಯ ಹೆಣ್ಣುಮಗಳು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸೋಸದ ನೀರು ಬಾಯಿಗಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ನೋವಿದೆ ಎಂದು ನಂಬಿದ ಮನೆಯಲ್ಲಿ ಹುಟ್ಟಿ, ಕಣ್ಣಿಗೆ ಕಾಣದ ಜೀವಗಳನ್ನು ಹುಡುಕಿ ಕೊಲ್ಲಿಸುವ ವಿದ್ಯೆ ಕಲಿತವರು. ದಿನವೂ ಸಂಜೆ ಮಣೆಯ ಮೇಲೆ ಕೂತು, ಎಲ್ಲ ಜೀವಗಳನ್ನೂ ನಾನು ಕ್ಷಮಿಸಿದ್ದೇನೆ, ಎಲ್ಲ ಜೀವಗಳೂ ನನ್ನನ್ನು ಕ್ಷಮಿಸಲಿ ಎಂದು ಬೇಡಿಕೊಳ್ಳುವರು. ಗಂಡ ನೇಮಣ್ಣ ಮಾಸ್ತರು ಅದನ್ನು ಕಂಡು ನಗುತ್ತಿದ್ದರು. 'ಮುಂಜಾನಿಂದ ಕೊಂದು ಸಂಜೀಗೆ ಕೈ ಮುಗೀತಿ. ನಾ ಸಾಲಿ ಮಕ್ಕಳನ್ನ ಹೊಡದು ಆಮ್ಯಾಲ ತಲಿ ಸವರಿದಂಗ ಆತು ನೋಡು!' ಎನ್ನುವರು.

ಆ ಮಾಸ್ತರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರಿಗೆ ಮೂತ್ರಪಿಂಡ ಹಾಕಿಸಿ ಬಹಳ ಕಾಲವಾಗಿರಲಿಲ್ಲ. ಊಟ ಬೇಡ ಎಂದರು, ಏದುಸಿರು ಬಂತು, ಮೈ ಸೊರಗಿತು. ಜ್ವರವಿರಲಿಲ್ಲ. ಕಿವಿ 'ಮೌನ' ಎಂದಿತು. ರೋಗಾಣು ಇಲ್ಲವೆಂದ ಮೇಲೆ, ಹಾಕಿದ ಮೂತ್ರಪಿಂಡವನ್ನು ಮೈಯೇ ಒಲ್ಲೆನೆನ್ನುತ್ತಿದೆ ಎಂದು ತಿಳಿದು, ಮೈಯ ಕಾವಲನ್ನು ಇನ್ನಷ್ಟು ಅಡಗಿಸುವ ಸ್ಟಿರಾಯ್ಡ್ ಕೊಟ್ಟರು. ಬೇರೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಎರಡನೆಯ ದಿನ ಮಾಸ್ತರು ಹೆಂಡತಿಯ ಕೈ ಹಿಡಿದು, 'ಒಳಗ ಯಾರೋ ಅದಾರ' ಎಂದರು. ಅದೇ ಕೊನೆಯ ಮಾತು. ಮರುದೇವಿಬಾಯಿ ತಾವು ಮಾಡಿದ ಯಂತ್ರವನ್ನು ನಂಬಿದ್ದರು. ಕೈ ಹಿಡಿದವನ ಮಾತನ್ನು ಬಳಲಿಕೆಯ ಮಾತೆಂದು ತಿಳಿದಿದ್ದರು.

*

ನವಲಗುಂದದ ನಸೀಮಾ ಎಂಬ ಹೆಣ್ಣುಮಗಳು ಈಗ ವಾರ್ಡಿನಲ್ಲಿದ್ದಳು. ಜಮಖಾನ ನೇಯುವ ಮನೆತನ. ರಕ್ತದ ಕ್ಯಾನ್ಸರಿಗೆ ಅವಳ ಮಜ್ಜೆಯನ್ನು ಬರಿದು ಮಾಡಿ, ತಂಗಿಯ ಮಜ್ಜೆಯನ್ನು ಹಾಕಿದ್ದರು. ಅದು ಇನ್ನೂ ಬೇರು ಬಿಡುವ ಹೊತ್ತು. ಆಗಲೇ ಅವಳಿಗೆ ಏದುಸಿರು ಬಂತು, ಕಣ್ಣು ಹಳದಿಯಾಯಿತು, ಮೈ ಇಳಿಯಿತು. ಜ್ವರವಿರಲಿಲ್ಲ.

ಮುಂಜಾನೆ ಮರುದೇವಿಬಾಯಿ ಗಾಜಿನ ಬಾಗಿಲಿನ ಹೊರಗೆ ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಹೋದರು. ಮೂಲೆಯಲ್ಲಿ ನಸೀಮಾಳ ತಾಯಿ ಹುಸೇನಬಿ ಸ್ಟೂಲಿನ ಮೇಲೆ ಕೂತಿದ್ದಳು.

"ಬರ್ರಿ ಬಾಯಾರ. ಕಿವಿ ಏನಂತ್ರಿ?"

"ಮೌನ ಅಂತೈತಿ."

"ಮತ್ತ ಚೊಲೊ ಆತಲ್ರಿ! ನಾ ಸಕ್ಕರಿ ತರಸ್ತೀನಿ."

"ತಡಿಯವ್ವಾ, ಅವಸರ ಮಾಡಬ್ಯಾಡ," ಎಂದು ಮರುದೇವಿಬಾಯಿ ಹಾಸಿಗೆಯ ಹತ್ತಿರ ಹೋದರು. "ನಸೀಮಾ, ನಿನಗ ಏನ ಅನಸ್ತೈತಿ? ಯಂತ್ರದ ಮಾತ ಬಿಡು. ನಿನ್ನ ಮಾತ ಹೇಳು."

ನಸೀಮಾ ಉಸಿರು ಕೂಡಿಸಿಕೊಂಡು ಹೇಳಿದಳು: "ಜಮಖಾನದಾಗ ಒಂದ ಎಳಿ ತಪ್ಪಿದ್ರ ಮ್ಯಾಲೆ ಕಾಣಂಗಿಲ್ರಿ ಬಾಯಾರ. ಕಣ್ಣಿಗೆ ಎಲ್ಲಾ ಬರೋಬರಿ ಇರ್ತೈತಿ. ಅಂಗೈ ಆಡಿಸಿದ್ರ ಗೊತ್ತಾಗ್ತೈತಿ, ಇಲ್ಲಿ ಏನೋ ಐತಿ ಅಂತ. ನನ್ನ ಮೈ ಹಂಗ ಆಗೇತ್ರಿ. ಒಳಗ ಏನೋ ಐತಿ."

"ಹುಚ್ಚಿ, ಕಿವಿಗಿಂತ ನೀ ಶಾಣ್ಯಾ ಆದೇನ?" ಎಂದಳು ಹುಸೇನಬಿ. ಹಾಗೆಂದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮರುದೇವಿಬಾಯಿ ಬಹಳ ದಿನಗಳ ಮೇಲೆ ಒಬ್ಬ ರೋಗಿಯ ಕೈ ಹಿಡಿದು ಸುಮ್ಮನೆ ನಿಂತರು. ಅಂಗೈ ತಣ್ಣಗಿತ್ತು, ನಾಡಿ ಓಡುತ್ತಿತ್ತು. 'ಒಳಗ ಯಾರೋ ಅದಾರ.' 'ಒಳಗ ಏನೋ ಐತಿ.' ಎರಡೂ ಮಾತು ಅವರ ತಲೆಯಲ್ಲಿ ಒಂದಾದವು.

ವಾರ್ಡಿನ ಮುಖ್ಯ ವೈದ್ಯ ಡಾಕ್ಟರ್ ಇನಾಮದಾರ ಪ್ರಯೋಗಾಲಯಕ್ಕೆ ಬಂದಾಗ ಮರುದೇವಿಬಾಯಿ ನಸೀಮಾಳ ಹೊಸ ಮಾದರಿಯನ್ನು ಎರಡನೆಯ ಸಲ ಹಚ್ಚಿದ್ದರು. ಪ್ರಯೋಗಾಲಯದ ಸಹಾಯಕ ಡಾಕ್ಟರ್ ಕಲ್ಮೇಶ ಪರದೆಯ ಮುಂದಿದ್ದ.

"ಮತ್ತ ಮೌನಾನ ಬಂದೈತ್ರಿ ಸರ್," ಎಂದ ಕಲ್ಮೇಶ.

"ಹಂಗಾದ್ರ ಮುಗೀತು," ಎಂದರು ಇನಾಮದಾರ. "ತಂಗಿ ಮಜ್ಜಿ ಅಕ್ಕನ ಮೈ ಜೋಡಿ ಜಗಳಕ್ಕ ನಿಂತೈತಿ. ಅದನ್ನ ಅಡಗಿಸ್ಬೇಕು. ಈಗ ಸ್ಟಿರಾಯ್ಡ್ ಚಾಲೂ ಮಾಡ್ತೀನಿ, ದೊಡ್ಡ ಪ್ರಮಾಣದಾಗ."

"ಇನಾಮದಾರ, ಒಂದ್ವೇಳೆ ಒಳಗ ರೋಗಾಣು ಇದ್ದು ನೀವು ಸ್ಟಿರಾಯ್ಡ್ ಕೊಟ್ರ?"

"ನಾಳೆ ಮುಂಜಾನೆ ಆಕಿ ಇರೂದಿಲ್ಲ. ಗೊತ್ತೈತಿ. ಹಂಗಂತ ಇದು ಮಜ್ಜಿ ಜಗಳ ಆಗಿದ್ದು, ನಾ ಸ್ಟಿರಾಯ್ಡ್ ಕೊಡದ ಕುಂತ್ರ? ಆಗೂ ಇರೂದಿಲ್ಲ." ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಒಳ್ಳೆಯ ಮನುಷ್ಯ, ನಿದ್ದೆಗೆಟ್ಟ ಮುಖ. "ಮೇಡಂ, ನಿಮ್ಮ ಕಿವೀನ ಹೇಳಾಕತ್ತೈತಿ ಏನೂ ಇಲ್ಲಂತ. ನಿಮ್ಮ ಯಂತ್ರ ನೀವ ನಂಬಲಿಲ್ಲಂದ್ರ ನಾ ಯಾರನ್ನ ನಂಬ್ಲಿ?"

ಮರುದೇವಿಬಾಯಿ ಪರದೆಯಿಂದ ಮುಖ ತಿರುಗಿಸಿದರು. "ಹೊತ್ತು ಮುಳುಗೂತನಕ ತಡೀರಿ," ಎಂದರು.

"ಯಾಕಂತ ಹೇಳ್ರಿ."

"ಹೇಳಾಕ ಬರೂದಿಲ್ಲ. ಆ ಹುಡುಗಿ ಕೈ ಹಿಡದ ಬಂದೀನಿ, ಅಷ್ಟ."

ಇನಾಮದಾರರು ಕಿಟಕಿಯ ಕಡೆ ನೋಡಿದರು. ಮಾಸ್ತರಿಗೆ ಔಷಧ ಕೊಟ್ಟವರೂ ಅವರೇ. ಆ ಮಾತನ್ನು ಇಬ್ಬರೂ ಎಂದೂ ಎತ್ತಿರಲಿಲ್ಲ. "ಹೊತ್ತು ಮುಳುಗೂತನಕ," ಎಂದರು. "ಆಮ್ಯಾಲ ನಾ ಯಾರ ಮಾತೂ ಕೇಳೂದಿಲ್ಲ ಮೇಡಂ."

*

ಮರುದೇವಿಬಾಯಿ ಊಟಕ್ಕೆ ಮನೆಗೆ ಬಂದರು. ಹೊರಗೆ ಎಲ್ಲಿಯೂ ನೀರು ಮುಟ್ಟದವರು, ಬಾರದೆ ಗತಿಯಿರಲಿಲ್ಲ. ಸೊಸೆ ರಾಜಮತಿ ರೊಟ್ಟಿ ಮುಚ್ಚಿಟ್ಟು, ಅಡಿಗೆಮನೆಯ ಕಟ್ಟೆಯ ಬಳಿ ನೀರು ಸೋಸುತ್ತಿದ್ದಳು.

ನೀರು ಸೋಸುವುದು ಆ ಮನೆಯಲ್ಲಿ ನೇಮಣ್ಣ ಮಾಸ್ತರ ಕೆಲಸವಾಗಿತ್ತು. ಗೋಡೆಗೆ ಶುದ್ಧೀಕರಣದ ಯಂತ್ರ ಬಂದಿದ್ದರೂ ಅವರು ಬಿಟ್ಟಿರಲಿಲ್ಲ. ಕೊಡದ ಬಾಯಿಗೆ ಎರಡು ಮಡಿಕೆಯ ಬಿಳಿ ಅರಿವೆ ಹಾಸಿ, ನಳದ ನೀರು ಸುರಿದು ಸೋಸಿ, ಆಮೇಲೆ ಅರಿವೆಯನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಒಂದಿಷ್ಟು ಅದರ ಮೇಲೆ ಹೊಯ್ದು, ಅರಿವೆಯಲ್ಲಿ ಸಿಕ್ಕಿಕೊಂಡ ಜೀವಗಳನ್ನು ತಂಬಿಗೆಗೆ ಇಳಿಸುವರು. ಆ ಜೀವಗಳನ್ನು ಬಂದ ನೀರಿಗೇ ಮುಟ್ಟಿಸಬೇಕು. ಮೊದಲು ಹಿತ್ತಿಲಲ್ಲಿ ಬಾವಿಯಿತ್ತು, ಚಿಂತೆಯಿರಲಿಲ್ಲ. ಬಾವಿ ಮುಚ್ಚಿ ನಳ ಬಂದ ಮೇಲೆ ಮಾಸ್ತರು ತಂಬಿಗೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಬಸದಿಯ ಬಾವಿಗೆ ಹೋಗಿ ಹಾಕಿ ಬರತೊಡಗಿದರು. ಮರುದೇವಿಬಾಯಿಗೆ ಅದು ಒಪ್ಪಿಗೆಯಿರಲಿಲ್ಲ.

'ನಳದ ನೀರು ಮಲಪ್ರಭಾದ್ದು. ಆ ಹೊಳಿ ಜೀವ ಈ ಬಾವಿ ನೀರಾಗ ಸಾಯ್ತಾವು. ಯಾವ ಬಾವಿ ಜೀವ ಆ ಬಾವಿಗೇ ಹೋಗ್ಬೇಕು ಅಂತ ನಮ್ಮವ್ವ ಹೇಳ್ತಿದ್ಳು,' ಎನ್ನುವರು.

'ಹಂಗಾರ ದಿನಾ ತಂಬಿಗಿ ಹಿಡಕೊಂಡು ಸವದತ್ತಿ ಡ್ಯಾಮ್ ತನಕ ಹೋಗಿ ಬರ್ಲೇನು? ಪಿಂಚಣಿ ಎಲ್ಲಾ ಪೆಟ್ರೋಲಿಗೆ ಹಾಕ್ತೀನಿ!' ಎಂದು ಮಾಸ್ತರು ನಗುವರು.

ಹೀಗೆ ಜಗಳವಾಡುತ್ತಲೇ ಅವರ ಕಾಲ ಕಳೆದಿತ್ತು. ಈಗ ಅರಿವೆ ಸೊಸೆಯ ಕೈಗೆ ಬಂದಿತ್ತು. ಮರುದೇವಿಬಾಯಿ ಕೈಕಾಲು ತೊಳೆದು ಬಂದು ನೋಡಿದರೆ, ರಾಜಮತಿ ಅರಿವೆಯನ್ನು ಮಗುಚಿ ಹಿಡಿದು, ಗೋಡೆಯ ಯಂತ್ರದ ನೀರನ್ನು ಅದರ ಮೇಲೆ ಬಿಡುತ್ತಿದ್ದಳು.

"ಯಾವ ನೀರು ಹಾಕಾಕತ್ತೀಯವ್ವಾ ಅದಕ್ಕ?"

"ಫಿಲ್ಟರಿಂದು ಅತ್ತಿ. ಕೊಡದಾಗಿಂದು ಯಾಕ ಖರ್ಚ ಮಾಡೂದು ಅಂತ. ಇದು ಭಾಳ ಶುದ್ಧ ಇರ್ತೈತಿ."

"ಶುದ್ಧ ಇದ್ರ ಏನ ಬಂತು? ಉಪ್ಪಿಲ್ಲ, ಸಾರ ಇಲ್ಲ. ಇಂಥಾ ನೀರ ಕುಡದು ಅವು ಉಬ್ಬಿ ಒಡದ ಸಾಯ್ತಾವು. ಜೀವ ಉಳಸ್ಬೇಕಂತ ಸೋಸಿ, ತೊಳಿಯೂ ಮುಂದ ಕೊಂದ್ರ ಹೆಂಗ? ಅವುಗಳ ನೀರಾಗ..."

ಅವರ ಮಾತು ಅಲ್ಲಿಗೇ ನಿಂತಿತು.

"ಯಾಕ್ರಿ ಅತ್ತಿ? ತಪ್ಪಾತೇನ್ರಿ? ನಾಳಿಂದ ಕೊಡದ ನೀರ ಹಾಕ್ತೀನಿ. ಬರ್ರಿ, ಊಟಕ್ಕ ಬರ್ರಿ."

ಮರುದೇವಿಬಾಯಿ ಅರಿವೆಯನ್ನೇ ನೋಡುತ್ತ ನಿಂತಿದ್ದರು. ರೋಗಾಣುವಿಗೆ ಗಟ್ಟಿ ಕವಚವಿರುತ್ತದೆ ಎಂಬ ನಂಬಿಕೆಯ ಮೇಲೆ ಅವರು ಕಿವಿಯನ್ನು ಕಟ್ಟಿದ್ದರು. ಆದರೆ ನಸೀಮಾಳಿಗೆ, ಹಿಂದೆ ಮಾಸ್ತರಿಗೆ ನಡೆದಂತೆಯೇ, ಮುನ್ನೆಚ್ಚರಿಕೆಯೆಂದು ಮೊದಲ ದಿನದಿಂದಲೂ ಒಂದು ಔಷಧ ನಡೆದಿತ್ತು. ಆ ಔಷಧ ಹೊಡೆಯುವುದು ಕವಚವನ್ನೇ. ಬಹುಪಾಲು ರೋಗಾಣುಗಳು ಅದರಿಂದ ಸಾಯುತ್ತವೆ. ಎಲ್ಲೋ ಕೆಲವು, ಸುಡುವ ಮನೆಯಿಂದ ಉಟ್ಟ ಬಟ್ಟೆ ಬಿಟ್ಟು ಓಡುವವರಂತೆ, ಕವಚವನ್ನೇ ಕಳಚಿ ಬರಿಮೈಯಲ್ಲಿ ಬದುಕಿಕೊಳ್ಳುತ್ತವೆ. ರಕ್ತದಲ್ಲಿರುವ ಉಪ್ಪು, ಸಾರ ಅವನ್ನು ಕಾಯುತ್ತವೆ. ರಕ್ತದ ಹೊರಗೆ, ತೆಳ್ಳನೆಯ ನೀರಿಗೆ ಬಿದ್ದರೆ ಕೆಂಪು ಕಣಗಳ ಜೊತೆಯಲ್ಲೇ ಅವೂ ಉಬ್ಬಿ ಒಡೆಯುತ್ತವೆ. ಆಮೇಲೆ ಪೊರೆಯ ಮೇಲೆ ನಡುಗುವುದಕ್ಕೆ ಏನು ಉಳಿದೀತು?

ತೊಳೆನೀರನ್ನು ಅಷ್ಟು ಶುದ್ಧವಾಗಿ, ಅಷ್ಟು ತೆಳ್ಳಗೆ ಮಾಡಿಸಿದವರು ಅವರೇ.

"ಅತ್ತಿ, ರೊಟ್ಟಿ..."

"ಇಡವ್ವಾ. ಬಂದು ಉಣ್ತೀನಿ," ಎಂದು ಮರುದೇವಿಬಾಯಿ ಚಪ್ಪಲಿ ಮೆಟ್ಟಿದರು. ಹೊತ್ತು ಮುಳುಗುವ ಮೊದಲು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

*

"ತೊಳೆನೀರ ಬ್ಯಾಡ ಅಂದ್ರ ಮತ್ತ ಯಾತರಿಂದ ತೊಳಿಯೂದ್ರಿ ಮೇಡಂ?" ಎಂದು ಕಲ್ಮೇಶ ಬೆರಗಾಗಿ ಕೇಳಿದ.

"ಆಕಿ ರಕ್ತದ ನೀರಿನಿಂದನ. ಆಕಿ ಜೀವ ಆಕಿ ನೀರಿಗೇ. ರಕ್ತಾನ ಕೊಳವ್ಯಾಗ ಸುಮ್ನ ನಿಂದರಸು. ತಿರುಗಿಸೂ ಯಂತ್ರಕ್ಕ ಹಾಕಬ್ಯಾಡ. ಕೆಂಪು ತಾನಾ ತಳಕ್ಕ ಕೂಡ್ಲಿ. ಮ್ಯಾಲಿನ ತಿಳಿ ಅಷ್ಟ ತಗದು ಜರಡಿಗೆ ಹಾಕು. ಆಮ್ಯಾಲ ಜರಡಿ ಮಗುಚಿ, ಅದ ತಿಳೀನ ಮ್ಯಾಲೆ ಹೊಯ್ದು ಪೊರಿ ಮ್ಯಾಲ ಇಳಸು."

"ಅದಕ್ಕ ಭಾಳ ಹೊತ್ತ ಹಿಡೀತೈತ್ರಿ. ಮತ್ತ ತಿಳಿಯೊಳಗ ನೂರಾ ಎಂಟು ಕಸಾ ಕಸರು ಇರ್ತಾವು, ಪೊರಿ ಗದ್ದಲ ಎಬ್ಬಸ್ತೈತಿ."

"ಅದಕ್ಕ ನಿನ್ನ ರಕ್ತಾನೂ ಬೇಕು. ಆರಾಮಿದ್ದವರ ತಿಳಿ ಹೆಂಗ ಸದ್ದ ಮಾಡ್ತೈತಿ ಅಂತ ಮೊದಲ ಕೇಳೂಣು."

ಕಲ್ಮೇಶ ತೋಳು ಮೇಲೇರಿಸಿದ. "ಪಗಾರ ಕೊಟ್ಟು ರಕ್ತ ಹೀರ್ತಾರ ಅಂತ ನಮ್ಮ ಮನಿಯಾಗ ಚ್ಯಾಷ್ಟಿ ಮಾಡ್ತಿದ್ರು. ಇವತ್ತ ಖರೇನ ಆತ ನೋಡ್ರಿ."

ಮರುದೇವಿಬಾಯಿ ನಕ್ಕರು. ಮಾಸ್ತರು ಹೋದ ಮೇಲೆ ಪ್ರಯೋಗಾಲಯದಲ್ಲಿ ಅವರು ನಕ್ಕದ್ದು ಅದೇ ಮೊದಲು. ಕಲ್ಮೇಶ ಅದನ್ನು ಗಮನಿಸಿಯೂ ಗಮನಿಸದವನಂತೆ ಹತ್ತಿ ಒತ್ತಿ ಹಿಡಿದು ಕೂತ.

ರಕ್ತ ತಿಳಿಯಾಗಲು ತನ್ನದೇ ಹೊತ್ತು ತೆಗೆದುಕೊಂಡಿತು. ಅದನ್ನು ಅವಸರಪಡಿಸುವ ಹಾಗಿರಲಿಲ್ಲ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತು. ಕೊಳವೆಯಲ್ಲಿ ಕೆಂಪು ಕೆಳಗಿಳಿದು, ಮೇಲೆ ಜೇನಿನ ಬಣ್ಣದ ತಿಳಿ ನಿಂತಿತು. ನಸೀಮಾಳದು ಇನ್ನಷ್ಟು ಹಳದಿ. ಮರುದೇವಿಬಾಯಿ ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ನೋಡುತ್ತಿದ್ದರು.

ಮೊದಲು ಕಲ್ಮೇಶನ ತಿಳಿಯನ್ನು ಪೊರೆಗೆ ಹಚ್ಚಿದರು. ಪರದೆ 'ಮೌನ' ಎಂದಿತು. ಮರುದೇವಿಬಾಯಿ ಪೊರೆಯ ಸದ್ದು ಆಲಿಸುವ ನಳಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡರು. ಯಂತ್ರ ಹೆಸರು ಬರೆಯಲು ಕಲಿತ ಮೇಲೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಗೂಟಕ್ಕೆ ತೂಗುಬಿದ್ದು ಧೂಳು ಹಿಡಿದಿತ್ತು. ದೂರದಲ್ಲಿ ಗಾಳಿ ಬೀಸಿದಂಥ ಒಂದೇ ಸಮನೆಯ ಸುಯ್ಯೆನ್ನುವ ಸದ್ದು. ಅಷ್ಟೇ.

ಆಮೇಲೆ ನಸೀಮಾಳದು. ಪರದೆ ತಡವರಿಸಿ, ಮತ್ತೆ 'ಮೌನ' ಎಂದಿತು.

ಕಲ್ಮೇಶನ ಮುಖ ಬಾಡಿತು. "ಹೋತ್ರಿ ಮೇಡಂ. ಇದೂ ಮೌನಾನ."

ಮರುದೇವಿಬಾಯಿ ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಅದೇ ಗಾಳಿಯ ಸದ್ದು. ಅದರ ಕೆಳಗೆ, ತೀರ ಕೆಳಗೆ, ಇನ್ನೇನೋ ಇತ್ತು. ಯಂತ್ರಕ್ಕೆ ಅವರು ಕಲಿಸಿದ್ದ ನಡುಕಗಳೆಲ್ಲ ಕವಚ ತೊಟ್ಟ ಜೀವಗಳವು. ಬಿರುಸಾದವು, ಕಾಳು ಸಿಡಿದಂತೆ. ಇದು ಹಾಗಿರಲಿಲ್ಲ. ಒದ್ದೆ ಅರಿವೆಯ ಮೇಲೆ ಯಾರೋ ಬೆರಳು ಎಳೆದ ಹಾಗೆ, ಮೆತ್ತಗೆ, ತಡೆದು ತಡೆದು. ಅದಕ್ಕೆ ಯಂತ್ರದ ಬಳಿ ಹೆಸರಿರಲಿಲ್ಲ. ಹೆಸರಿಲ್ಲದ್ದನ್ನು ಅದು ಇಲ್ಲವೆಂದೇ ಬರೆದಿತ್ತು.

ಬಾಗಿಲು ತೆರೆದು ಇನಾಮದಾರರು ಬಂದರು. ಅವರ ಹಿಂದೆ ಕಿಟಕಿಯಲ್ಲಿ ಹೊತ್ತು ಕೆಂಪಾಗಿ ಗುಡ್ಡಕ್ಕೆ ಮುಟ್ಟಿತ್ತು. "ಪರದಿ ನೋಡೀನಿ ಮೇಡಂ. ಇನ್ನ ನನ್ನ ತಡೀಬ್ಯಾಡ್ರಿ."

"ಪರದಿ ಬಿಡ್ರಿ. ಕೇಳ್ರಿ," ಎಂದು ಮರುದೇವಿಬಾಯಿ ನಳಿಗೆಯನ್ನು ಅವರ ಕಿವಿಗೆ ಕೊಟ್ಟರು.

ಇನಾಮದಾರರು ಕಣ್ಣು ಮುಚ್ಚಿ ಆಲಿಸಿದರು. "ಏನೋ ಸರಿದಂಗ ಆಗ್ತೈತಿ. ಇದು ಕಸರು ಯಾಕ ಆಗಿರಬಾರ್ದು? ಜೀವ ಅಂತ ಹೆಂಗ ಹೇಳ್ತೀರಿ?"

"ಅದಕ್ಕೊಂದ ಉಪಾಯ ಐತಿ."

ಕಪಾಟಿನಿಂದ ತೊಳೆನೀರಿನ ಸೀಸೆ ತೆಗೆದರು. ಆ ನೀರು ಕಸರನ್ನೇನೂ ಮಾಡದು. ಬರಿಮೈಯ ಜೀವವನ್ನು ಮಾತ್ರ ಒಡೆಯುತ್ತದೆ. ಕಲ್ಮೇಶ ತಾನು ಹಾಕುತ್ತೇನೆಂದು ಕೈ ಚಾಚಿದ. ಅವರು ಕೊಡಲಿಲ್ಲ. ಇಷ್ಟು ವರ್ಷ ಅವರು ಕೊಲ್ಲಿಸಿದ್ದಕ್ಕೆ ಲೆಕ್ಕವಿರಲಿಲ್ಲ. ಆದರೆ ಅವು ಪರದೆಯ ಮೇಲಿನ ಹೆಸರುಗಳಾಗಿದ್ದವು. ಇದರ ಸದ್ದನ್ನು ಅವರು ಕಿವಿಯಾರೆ ಕೇಳಿದ್ದರು. ಕೇಳಿದ ಮೇಲೆ ಆ ಕೆಲಸವನ್ನು ಇನ್ನೊಬ್ಬರ ಕೈಯಿಂದ ಮಾಡಿಸುವುದು ಸರಿಯೆನ್ನಿಸಲಿಲ್ಲ. ತುಟಿ ಅಲುಗಿತು, ಸಂಜೆಯ ಕ್ಷಮೆಯ ಮಾತನ್ನು ಆ ದಿನ ಅವರು ಮೊದಲೇ ಹೇಳಿದರು. ಪೊರೆಯ ಮೇಲೆ ಒಂದು ಹನಿ ಬಿಟ್ಟರು.

ಇನಾಮದಾರರ ಹುಬ್ಬು ಗಂಟಾಯಿತು, ಆಮೇಲೆ ಸಡಿಲವಾಯಿತು. "ನಿಂತು," ಎಂದರು. "ಒಂದೊಂದ... ಒಂದೊಂದ ನಿಂತು. ಈಗ ಬರೇ ಗಾಳಿ."

ಪರದೆಯ ಮೇಲೆ ಮೊದಲಿದ್ದದ್ದೇ ಇತ್ತು: ಮೌನ. ಜೀವ ಇದ್ದಾಗಲೂ ಅದೇ, ಸತ್ತ ಮೇಲೂ ಅದೇ.

ಇನಾಮದಾರರು ನಳಿಗೆಯನ್ನು ಮೆಲ್ಲಗೆ ಕಿವಿಯಿಂದ ತೆಗೆದರು. "ಮೇಡಂ, ಇಷ್ಟ ವರ್ಷ ನಾವು ಚೊಲೊ ಸುದ್ದಿ ಅಂತ ಹೇಳಿದ್ದು ಇದ ಮೌನಾನ ಏನ್ರಿ?"

"ಎಲ್ಲಾ ಅಲ್ಲ. ಕೆಲವು."

"ಯಾವುವು?"

"ಅದನ್ನ ಇನ್ನ ಯಾರಿಗೂ ಹೇಳಾಕ ಬರೂದಿಲ್ಲ."

ಇನಾಮದಾರರು ಬಾಯಿ ತೆರೆದರು. "ಮಾಸ್ತರದು..." ಎಂದು ತಡೆದರು.

"ಮೊದಲ ಆ ಹುಡುಗೀಗೆ ಔಷಧ ಬದಲ ಮಾಡ್ರಿ," ಎಂದರು ಮರುದೇವಿಬಾಯಿ. "ಕವಚಕ್ಕ ಹೊಡಿಯೂದು ಬ್ಯಾಡ, ಒಳಗ ಹೊಡಿಯೂದು ಕೊಡ್ರಿ. ಹೋಗ್ರಿ. ಓಡ್ರಿ."

ಇನಾಮದಾರರು ನಿಜವಾಗಿಯೂ ಓಡಿದರು. ಮೆಟ್ಟಿಲಿನಲ್ಲಿ ಅವರ ಬೂಟಿನ ಸದ್ದು ಕೇಳುತ್ತಿದ್ದಾಗ ಕಿಟಕಿಯಲ್ಲಿ ಹೊತ್ತು ಮುಳುಗಿತು.

*

ನಸೀಮಾ ಒಮ್ಮೆಲೇ ಏಳಲಿಲ್ಲ. ಎರಡು ಸಲ ಕೈ ಬಿಟ್ಟಳೆಂದೇ ಎಲ್ಲರೂ ತಿಳಿದರು. ಆಮೇಲೆ ಕಣ್ಣಿನ ಹಳದಿ ಇಳಿಯಿತು. ಉಸಿರು ನೆಟ್ಟಗಾಯಿತು. ಒಂದು ಮುಂಜಾನೆ ಹುಸೇನಬಿ ಗಾಬರಿಯಿಂದ ಓಡಿಬಂದು ಪ್ರಯೋಗಾಲಯದ ಬಾಗಿಲು ಬಡಿದಳು.

"ಬಾಯಾರ, ಮೈ ಸುಡಾಕತ್ತೈತ್ರಿ! ಸೂಜಿ ಚುಚ್ಚಿದಲ್ಲಿ ಕೆಂಪಗ ಬಾತೈತಿ! ಮುಗೀತಲ್ರಿ ನನ್ನ ಕೂಸು!"

ಇನಾಮದಾರರು ಆಗಲೇ ಹಾಸಿಗೆಯ ಬಳಿ ಇದ್ದರು. ನಸೀಮಾಳ ಹಣೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ಮರುದೇವಿಬಾಯಿಯನ್ನು ನೋಡಿ ಅವರ ಮುಖ ಅರಳಿತು. ಸೂಜಿಯ ಗಾಯದ ಬಳಿ ಯಾವುದೋ ಸಣ್ಣ ರೋಗಾಣು ಸೇರಿತ್ತು. ಅದಕ್ಕೆ ಮೈ ತಿರುಗಿಬಿದ್ದಿತ್ತು. ತಂಗಿಯ ಮಜ್ಜೆ ಬೇರು ಬಿಟ್ಟಿತ್ತು.

"ಅಳಬ್ಯಾಡ ಹುಸೇನಬಿ," ಎಂದರು ಮರುದೇವಿಬಾಯಿ. "ಊರಾಗ ಕಾವಲಗಾರ ಬಂದಾನ. ಅವನ ಗದ್ದಲ ಇದು. ಹೋಗಿ ಸಕ್ಕರಿ ತಾ."

"ಜ್ವರ ಬಂದಿದ್ದಕ್ಕ ಸಕ್ಕರಿ ಏನ್ರಿ?"

"ಹೂಂ. ಇವತ್ತ ಜ್ವರಕ್ಕ ಸಕ್ಕರಿ."

ಕಿವಿ ಇದ್ದ ಎಲ್ಲ ಆಸ್ಪತ್ರೆಗಳಿಗೂ ಸುದ್ದಿ ಹೋಯಿತು. ತೊಳೆನೀರಿನ ವಿಧಾನ ಬದಲಾಯಿತು. ಪರದೆಯಿಂದ 'ಮೌನ' ಎಂಬ ಮಾತನ್ನು ಮರುದೇವಿಬಾಯಿ ತೆಗೆಸಿಹಾಕಿದರು. ಅದರ ಜಾಗದಲ್ಲಿ 'ನನಗೆ ಕೇಳಿಸಲಿಲ್ಲ' ಎಂದು ಬರೆಸಿದರು. ಡಾಕ್ಟರರು ಮತ್ತೆ ಹಣೆ ಮುಟ್ಟತೊಡಗಿದರು, ಕೆಲವರು ಗೊಣಗುತ್ತ.

ಒಂದು ದಿನ ಕಲ್ಮೇಶ ಅಳುಕುತ್ತ ಬಂದು ನಿಂತ. "ಮೇಡಂ, ಒಂದ ಮಾತು. ಹಳೇ ಮಾದರಿ ಎಲ್ಲಾ ಶೀತಪೆಟ್ಟಿಗ್ಯಾಗ ಅದಾವು. ಮಾಸ್ತರದೂ ಐತ್ರಿ. ಹೊಸಾ ರೀತೀಲೆ ಹಚ್ಚಿ ನೋಡೂಣೇನ್ರಿ?"

ಮರುದೇವಿಬಾಯಿ ಕೈಯಲ್ಲಿದ್ದ ಕೊಳವೆಯನ್ನು ಕೆಳಗಿಟ್ಟರು. ನಸೀಮಾಳ ಸದ್ದು ಕೇಳಿದ ಸಂಜೆಯಿಂದ ಅವರು ಇದನ್ನೇ ಯೋಚಿಸಿದ್ದರು. "ಅದು ಆಗ ತೊಳದ ಇಟ್ಟಿದ್ದು, ಕಲ್ಮೇಶ. ಇದ್ದದ್ದು ಆಗ ಒಡದ ಹೋಗಿರ್ತೈತಿ. ಇರದಿದ್ರ ಇಲ್ಲ. ಎರಡಕ್ಕೂ ಈಗ ಸದ್ದ ಒಂದ. ಜೀವ ಇದ್ದದ್ದಷ್ಟ ಮಿಸುಕ್ತೈತಪ್ಪಾ, ಸತ್ತದ್ದು ಸಾಕ್ಷಿ ಹೇಳೂದಿಲ್ಲ."

"ಹಂಗಾದ್ರ ಎಂದೂ ಗೊತ್ತಾಗೂದಿಲ್ಲೇನ್ರಿ?"

"ಇಲ್ಲ."

ಆ ಸಂಜೆ ಮಣೆಯ ಮೇಲೆ ಕೂತಾಗ ಕ್ಷಮೆಯ ಮಾತನ್ನು ಅವರು ಅರ್ಧಕ್ಕೇ ನಿಲ್ಲಿಸಿದರು. ಹೆಸರಿಲ್ಲದ, ಇತ್ತೋ ಇಲ್ಲವೋ ತಿಳಿಯದ ಜೀವವನ್ನು ಕ್ಷಮಿಸುವುದು ಹೇಗೆ? 'ಒಳಗ ಯಾರೋ ಅದಾರ' ಎಂದ ಮಾತನ್ನು ಕೇಳಿಸಿಕೊಳ್ಳದ ಕಿವಿಯನ್ನು ಯಾರು ಕ್ಷಮಿಸಬೇಕು? ಕ್ಷಮಿಸಬೇಕಾದವರು ಎದುರಿನ ಮಾಸ್ತರ ಮಣೆಯ ಮೇಲೆ ಇರಲಿಲ್ಲ. ರಾಜಮತಿ ಬಾಗಿಲಲ್ಲಿ ಬಂದು ನಿಂತಳು. ಏನೂ ಕೇಳದೆ ಅತ್ತೆಯ ಪಕ್ಕ ಕೂತಳು. ಇಬ್ಬರೂ ಕೂಡಿ ಹೇಳಿದಾಗ ಮಾತು 'ಕ್ಷಮಿಸಲಿ' ಎನ್ನುವ ತನಕ ಹೋಗಿ ಮುಟ್ಟಿತು.

ಮರುದಿನ ನೀರು ಸೋಸಿದ್ದು ಮರುದೇವಿಬಾಯಿ. ಅರಿವೆಯನ್ನು ಮಗುಚಿ, ಸೋಸಿದ ನೀರನ್ನೇ ಹೊಯ್ದು, ತಂಬಿಗೆಗೆ ಇಳಿಸಿ, ಅದರ ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿದರು.

"ಬಸದಿಗೇನ್ರಿ ಅತ್ತಿ? ನಾ ಹಾಕಿ ಬರ್ತೀನಿ ತರ್ರಿ."

"ಇಲ್ಲವ್ವಾ, ನಾನ ಹೋಗ್ತೀನಿ. ಬಸ್ಸಿನ ಹೊತ್ತಾತು."

ಬಸ್ಸಿನಲ್ಲಿ ಕಂಡಕ್ಟರ ತಂಬಿಗೆಯನ್ನು ನೋಡಿ, "ಏನ್ರಿ ಅಮ್ಮಾರ, ಎಲ್ಲಮ್ಮನ ಗುಡ್ಡದ ತೀರ್ಥ ತರಾಕ ಖಾಲಿ ತಂಬಿಗಿ ಒಯ್ತಾರ, ನೀವು ತುಂಬಿದ್ದು ಒಯ್ಯಾಕತ್ತೀರಲ್ಲ!" ಎಂದು ಚೇಷ್ಟೆ ಮಾಡಿದ. "ಇದು ಅಲ್ಲಿಂದ ಬಂದದ್ದಪ್ಪಾ, ತಿರುಗಿ ಮುಟ್ಟಸಾಕ ಹೊಂಟೀನಿ," ಎಂದರು ಅವರು. ತಂಬಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ಸವದತ್ತಿ ದಾಟಿ ಮಲಪ್ರಭೆಯ ಜಲಾಶಯದ ಅಂಚಿಗೆ ಹೋದಾಗ ಗಾಳಿಯಿತ್ತು. ನೀರು ಕಣ್ಣು ಮುಟ್ಟುವ ತನಕ ಹರಡಿತ್ತು. ಮರುದೇವಿಬಾಯಿ ಸೀರೆಯ ನೆರಿಗೆ ಎತ್ತಿ ಕಟ್ಟಿ, ಹೆಜ್ಜೆ ಮುಳುಗುವಷ್ಟು ಒಳಗೆ ಇಳಿದರು. ಬಗ್ಗಿ, ತಂಬಿಗೆಯ ಬಾಯಿಯನ್ನು ನೀರಿಗೆ ತಾಗಿಸಿ, ಒಳಗಿದ್ದವಕ್ಕೆ ಪೆಟ್ಟಾಗದಂತೆ ಮೆಲ್ಲಗೆ ಓರೆ ಮಾಡಿದರು. ತಂಬಿಗೆಯ ನೀರು ಹೊಳೆಯ ನೀರಿನಲ್ಲಿ ಕೂಡಿತು. ಯಾವುದು ಯಾವುದೆಂದು ಗುರುತಾಗಲಿಲ್ಲ.

ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಬಗಲಲ್ಲಿ ಮಾಸ್ತರು ನಿಂತಿದ್ದಾರೆಂಬಂತೆ ಹೇಳಿದರು:

"ಸವದತ್ತಿ ತನಕ ಬಂದೆ ನೋಡ್ರಿ."